ಟೈರಿನ ತಾರೀಖು ನೋಡದೆ ದುಡ್ಡು ಕೊಡಬೇಡಿ | ಪುಣೆಯಲ್ಲಿ ನಮ್ಮ ಎಕ್ಸ್‌ಯುವಿಗೆ ನಾಲ್ಕು ಹೊಸ ಟೈರು

ನಮಸ್ಕಾರ ಎಲ್ಲರಿಗೂ. ಹಿಂದೆ ಹಾರ್ನ್ ಸದ್ದು ಜಾಸ್ತಿ ಇದೆ, ಇದು ನಾನಾ ಪೇಠ್. ಪುಣೆಯಲ್ಲಿ ಗಾಡಿಗೆ ಏನೇ ಸಾಮಾನು ಬೇಕಾದರೂ ಜನ ಮೊದಲು ಬರುವುದು ಈ ಗಲ್ಲಿಗಳಿಗೆ. ಅಲ್ಲಿ ಮಾತಾಡಿದ್ದು ಒಂದೂ ಕೇಳಿಸಲಿಲ್ಲ. ಅದಕ್ಕೆ ಮನೆಗೆ ಬಂದು ಈಗ ಮಾತು ಸೇರಿಸುತ್ತಿದ್ದೇನೆ.

ಇವತ್ತಿನ ಕೆಲಸ ಒಂದೇ. ನಮ್ಮ ಮಹೀಂದ್ರ ಎಕ್ಸ್‌ಯುವಿ 500ಕ್ಕೆ ಟೈರು. ದೀಪಾವಳಿಗೆ ಧಾರವಾಡಕ್ಕೆ ಹೋಗಬೇಕು. ಅತ್ತೆ, ಮಾವ, ಮಕ್ಕಳಿಬ್ಬರು, ನಾವಿಬ್ಬರು, ಅದರ ಮೇಲೆ ಚೀಲಗಳು. ನಾನೂರು ಕಿಲೋಮೀಟರ್ ದಾಟುವ ದಾರಿ, ಮಧ್ಯದಲ್ಲಿ ಖಂಬಾಟ್ಕಿ ಘಾಟು. ಇಷ್ಟು ಜನರನ್ನು ಕೂರಿಸಿಕೊಂಡು ಬೋಳು ಟೈರಿನಲ್ಲಿ ಹೋಗುವ ಧೈರ್ಯ ನನಗಿಲ್ಲ.

ಈ ಶಾಟ್ ಹತ್ತಿರದಿಂದ ತೆಗೆದಿದ್ದೇನೆ, ನೋಡಿ. ಟೈರಿನ ಅಂಚಿನಲ್ಲಿ ಒಂದು ಸಣ್ಣ ತ್ರಿಕೋನ ಇದೆಯಲ್ಲ? ಕೆಲವದರಲ್ಲಿ ಅಲ್ಲೇ ಟಿಡಬ್ಲ್ಯುಐ ಎಂದೂ ಬರೆದಿರುತ್ತದೆ. ಅದರ ನೇರಕ್ಕೆ ಗ್ರಿಪ್ಪಿನ ಸಂದಿಯೊಳಗೆ ಬೆರಳು ಹಾಕಿದರೆ ರಬ್ಬರಿನ ಒಂದು ಪುಟ್ಟ ದಿಬ್ಬ ಸಿಗುತ್ತದೆ. ಗ್ರಿಪ್ ಸವೆದು ಆ ದಿಬ್ಬದ ಮಟ್ಟಕ್ಕೆ ಬಂದರೆ ಉಳಿದಿರುವುದು 1.6 ಮಿಲಿಮೀಟರ್. ಕಾರಿಗೆ ಕಾನೂನು ಒಪ್ಪುವ ಕೊನೆಯ ಅಳತೆ ಅದು. ಹೊಸ ಟೈರಿನಲ್ಲಿ ಹೆಚ್ಚುಕಮ್ಮಿ 8 ಇರುತ್ತದೆ. ನಮ್ಮ ಮುಂದಿನ ಎರಡೂ ದಿಬ್ಬದ ಹತ್ತಿರ ಬಂದುಬಿಟ್ಟಿವೆ. 1.6ರ ತನಕ ಕಾಯಬಹುದು ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. 3 ಮಿಲಿಮೀಟರಿಗಿಂತ ಕೆಳಗೆ ಹೋದರೆ ಆ ಸಂದಿಗಳಿಗೆ ನೀರು ಹೊರಗೆ ತಳ್ಳುವ ತಾಕತ್ತು ಬಹಳ ಕಡಿಮೆಯಾಗುತ್ತದೆ. ಪುಣೆಯ ಮಳೆಯಲ್ಲಿ ಗಾಡಿ ಓಡಿಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸೈಜಿನ ವಿಷಯ ಬೇಗ ಮುಗಿಸುತ್ತೇನೆ. ನಮ್ಮದು 235/65 ಆರ್17, ಮುಂದೆ 104ಎಚ್. 235 ಎಂದರೆ ಅಗಲ, ಮಿಲಿಮೀಟರಿನಲ್ಲಿ. 65 ಎಂದರೆ ಟೈರಿನ ಪಕ್ಕೆಯ ಎತ್ತರ, ಆ ಅಗಲದ ನೂರಕ್ಕೆ ಅರವತ್ತೈದರಷ್ಟು. 17 ರಿಮ್ಮಿನ ಇಂಚು. ಇಷ್ಟು ಎಲ್ಲರೂ ನೋಡುತ್ತಾರೆ, ಕೊನೆಯ 104ಎಚ್ ಯಾರೂ ನೋಡುವುದಿಲ್ಲ. 104 ಎಂದರೆ ಒಂದೊಂದು ಟೈರೂ 900 ಕಿಲೋ ಭಾರ ಹೊರುತ್ತದೆ, ಎಚ್ ಎಂದರೆ ಗಂಟೆಗೆ 210 ಕಿಲೋಮೀಟರ್ ವೇಗದ ತನಕ ತಡೆಯುತ್ತದೆ. ಏಳು ಸೀಟಿನ ಗಾಡಿಯಲ್ಲಿ ಆ 104ನ್ನು ಕಡಿಮೆ ಮಾಡಿಕೊಳ್ಳಬಾರದು. ಅಂಗಡಿಯವರು 245 ಹಾಕಿಸಿ, ಗಾಡಿ ಭರ್ಜರಿ ಕಾಣುತ್ತದೆ ಎಂದರು. 245/65 ಹಾಕಿದರೆ ಚಕ್ರ ಸುಮಾರು ನೂರಕ್ಕೆ ಎರಡರಷ್ಟು ದೊಡ್ಡದಾಗುತ್ತದೆ. ಸ್ಪೀಡೋಮೀಟರ್ ಮೊದಲಿಗಿಂತ ಕಡಿಮೆ ತೋರಿಸುತ್ತದೆ. ಮಕ್ಕಳನ್ನು ಶಾಲೆಗೆ ಬಿಡುವ ಗಾಡಿಗೆ ಈ ಭರ್ಜರಿ ಯಾಕೆ?

ಈಗ ಎಟಿ ಟೈರು, ಅಂದರೆ ಮಣ್ಣಿನ ದಾರಿಗೂ ಆಗಲಿ ಎಂದು ಮಾಡಿದ ಆಲ್ ಟೆರೇನ್. ಗೋಡೆಗೆ ಒರಗಿಸಿಟ್ಟಿದ್ದಾರಲ್ಲ, ದಪ್ಪ ದಪ್ಪ ಗಡ್ಡೆಯಂಥ ಗ್ರಿಪ್ಪಿನವು, ಅವೇ. ಮನೆಯಿಂದ ಹೊರಟಾಗ ನನಗೆ ಅವೇ ಬೇಕಿದ್ದವು. ನೋಡಲು ಎಷ್ಟು ಚೆನ್ನಾಗಿವೆ! ಧಾರವಾಡದಲ್ಲಿ ನಮ್ಮ ಹೊಲಕ್ಕೆ ಹೋಗುವುದು ಮಣ್ಣಿನ ದಾರಿ, ಅಲ್ಲಿಗೂ ಆಗುತ್ತದೆ ಅಂದುಕೊಂಡಿದ್ದೆ. ಆದರೆ ಅಲ್ಲಿ ನಿಂತು ಯೋಚಿಸಿದರೆ ಲೆಕ್ಕ ಬೇರೆಯೇ. ನಮ್ಮದು ಎರೆ ಹೊಲ. ಮಳೆ ಬಿದ್ದ ಎರೆಮಣ್ಣಿನಲ್ಲಿ ಎಟಿ ಹಾಕಿದರೂ ಅಷ್ಟೇ. ಮಣ್ಣು ಸಂದಿಗಳಲ್ಲಿ ಮೆತ್ತಿಕೊಂಡು ಟೈರೇ ಮಣ್ಣಿನ ಉಂಡೆ ಆಗುತ್ತದೆ. ಅಲ್ಲಿ ನಡೆಯುವುದು ಟ್ರ್ಯಾಕ್ಟರ್ ಮಾತ್ರ. ಉಳಿದ ದಿನವೆಲ್ಲ ಈ ಗಾಡಿ ಓಡುವುದು ಡಾಂಬರು, ಕಾಂಕ್ರೀಟಿನ ಮೇಲೆ. ಅಲ್ಲಿ ಎಟಿ ಟೈರು ಸದ್ದು ಮಾಡುತ್ತದೆ, ಡೀಸೆಲ್ ಕುಡಿಯುತ್ತದೆ, ನೆನೆದ ರಸ್ತೆಯಲ್ಲಿ ಬ್ರೇಕ್ ಹಾಕಿದರೆ ಹೈವೇ ಟೈರಿನಷ್ಟು ಬೇಗ ನಿಲ್ಲಿಸುವುದಿಲ್ಲ. ಆಸೆ ಬಿಟ್ಟೆ. ಎಚ್‌ಟಿ, ಅಂದರೆ ಹೈವೇ ಟೈರೇ ನಮಗೆ ಸರಿ.

ಬ್ರ್ಯಾಂಡಿನ ಬಗ್ಗೆ ಅಪ್ಪನಿಗೆ ಫೋನ್ ಮಾಡಿದೆ. ಅಪ್ಪ ಹೇಳುವುದು ಯಾವಾಗಲೂ ಒಂದೇ: "ಎಂಆರ್‌ಎಫ್ ಹಾಕ್ಸವ್ವಾ, ಬ್ಯಾರೆ ವಿಚಾರ ಮಾಡಬ್ಯಾಡ." ಅವರ ಕಾಲದವರಿಗೆ ಆ ಹೆಸರಿನ ಮೇಲೆ ಅಷ್ಟು ನಂಬಿಕೆ. 1946ರಲ್ಲಿ ಮದ್ರಾಸಿನಲ್ಲಿ ಮಕ್ಕಳ ಬಲೂನು ಮಾಡುವುದರಿಂದ ಶುರುವಾದ ಕಂಪನಿ ಅದು, ಆಮೇಲೆ ಸಚಿನ್ ಬ್ಯಾಟಿನ ತನಕ ಬಂತು. ನಮ್ಮ ಮಾವನವರಿಗೆ ಮಾತ್ರ ಮೈಸೂರಿನ ವಿಕ್ರಾಂತ್ ನೆನಪು. ನಮ್ಮ ರಾಜ್ಯದ್ದೇ ಟೈರು ಎಂದು ಅದನ್ನೇ ಹಾಕಿಸುತ್ತಿದ್ದರಂತೆ. 1997ರಲ್ಲಿ ಅದನ್ನು ಜೆಕೆ ಟೈರ್ ಕಂಪನಿ ತೆಗೆದುಕೊಂಡಿತು, ಕಾರ್ಖಾನೆ ಈಗಲೂ ಮೈಸೂರಿನಲ್ಲಿ ನಡೆಯುತ್ತಿದೆ. ಮಾವನವರು ವಿಕ್ರಾಂತ್ ಎನ್ನುವಾಗ ಅವರ ಮುಖ ನೀವು ನೋಡಬೇಕಿತ್ತು, ಆದರೆ ಅವರು ಕ್ಯಾಮೆರಾ ಮುಂದೆ ಬರಲು ಒಪ್ಪಲಿಲ್ಲ. ಇರಲಿ, ಶಾಟ್ ಮುಂದೆ ಹೋಯಿತು, ಅಂಗಡಿಗೆ ಬರೋಣ.

ಇದು ಮೊದಲನೇ ಅಂಗಡಿ. ಬೋರ್ಡಿನ ಮೇಲೆ ಮಸುಕು ಹಾಕಿದ್ದೇನೆ, ಹೆಸರು ಹೇಳುವುದಿಲ್ಲ. ರೇಟು ಹೇಳಿದರು: ಒಂದಕ್ಕೆ ₹11,000ದಿಂದ ₹16,000ದ ತನಕ, ಬ್ರ್ಯಾಂಡಿನ ಮೇಲೆ. ನಾನು ಕೇಳುತ್ತಿದ್ದೇನೆ, ಅವರು ಉತ್ತರ ಕೊಡುತ್ತಿರುವುದು ಪಕ್ಕದಲ್ಲಿ ನಿಂತ ನಮ್ಮ ಮನೆಯವರಿಗೆ. ವಿಡಿಯೋದಲ್ಲೇ ಕಾಣುತ್ತದೆ. ಗಾಡಿ ದಿನಾ ಓಡಿಸುವುದು ನಾನು. ಇದು ನನಗೆ ಸಿಟ್ಟು ಬರಿಸುವ ವಿಷಯ, ಆದರೆ ಮುಂದೆ ಆದದ್ದು ಅದಕ್ಕಿಂತ ದೊಡ್ಡದು.

ನಾಲ್ಕು ಟೈರು ಹೊರಗೆ ತಂದು ಉರುಳಿಸಿದರು. ಹುಡುಗ ಆಗಲೇ ಜಾಕ್ ಹಾಕಲು ಹೊರಟಿದ್ದ. ನಾನು ನಿಲ್ಲಿಸಿ, ತಾರೀಖು ನೋಡುತ್ತೇನೆ ಎಂದೆ. ಇದನ್ನು ಸ್ವಲ್ಪ ನಿಧಾನಕ್ಕೆ ತೋರಿಸುತ್ತೇನೆ, ವಿಡಿಯೋ ಮುಂದಕ್ಕೆ ಓಡಿಸಬೇಡಿ. ಟೈರಿನ ಪಕ್ಕೆಯಲ್ಲಿ ಡಿಓಟಿ ಎಂದು ಇರುತ್ತದೆ. ಅದರ ಮುಂದೆ ಅಕ್ಷರ, ಅಂಕಿ ಎಲ್ಲ ಸೇರಿದ ಉದ್ದನೆಯ ಸಾಲು. ಆ ಸಾಲಿನ ಕೊನೆಯಲ್ಲಿ ಮೊಟ್ಟೆ ಆಕಾರದ ಚೌಕಟ್ಟಿನೊಳಗೆ ನಾಲ್ಕು ಅಂಕಿ. ಮೊದಲ ಎರಡು ವಾರ, ಆಮೇಲಿನ ಎರಡು ವರ್ಷ. ಮೊದಲನೇ ಟೈರು ನೋಡಿ, 2225. ಅಂದರೆ 2025ರ ಇಪ್ಪತ್ತೆರಡನೇ ವಾರ, ಮೇ ಕೊನೆ. ಎರಡನೆಯದೂ 2225. ಮೂರನೆಯದು 2625. ನಾಲ್ಕನೆಯದರಲ್ಲಿ ಆ ಸಾಲು ಕಾಣಲೇ ಇಲ್ಲ. ಡಿಓಟಿ ಇದೆ, ಒಂದಿಷ್ಟು ಅಕ್ಷರ ಇದೆ, ಕೊನೆಯ ಅಂಕಿ ಇಲ್ಲ. ಯಾಕೆಂದರೆ ಪೂರ್ತಿ ನಂಬರನ್ನು ಒತ್ತುವುದು ಟೈರಿನ ಒಂದೇ ಪಕ್ಕೆಗೆ. ಇನ್ನೊಂದು ಪಕ್ಕೆಯಲ್ಲಿ ತಾರೀಖು ಇಲ್ಲದಿದ್ದರೂ ಅದು ತಪ್ಪಲ್ಲ. ತಿರುಗಿಸಿ ಎಂದೆ. ತಿರುಗಿಸಿದರು.

1622.

2022ರ ಹದಿನಾರನೇ ವಾರ. ಏಪ್ರಿಲ್. ಅಂದರೆ ಮೂರು ವರ್ಷ ದಾಟಿದ ಟೈರು, ಅದೇ ರೇಟು, ಅದೇ ಬಿಲ್ಲು. "ಫ್ರೆಶ್ ಸ್ಟಾಕ್ ಆಹೆ, ವಹಿನಿ", ಹೊಸ ಸ್ಟಾಕೇ ಅತ್ತಿಗೆ, ಎಂದು ಐದು ನಿಮಿಷ ಮುಂಚೆ ಅವರೇ ಮರಾಠಿಯಲ್ಲಿ ಹೇಳಿದ್ದರು. ಈಗ ಮಾತು ಬದಲಾಯಿತು. ಓಡಿಸದ ಟೈರು ಹಳೆಯದಾಗುವುದಿಲ್ಲವಂತೆ, ಗೋಡೌನಿನಲ್ಲಿ ಇತ್ತಂತೆ.

ಆ ಮಾತಿನಲ್ಲಿ ಅರ್ಧ ನಿಜ ಇದೆ. ತಂಪಾದ, ಕತ್ತಲಾದ ಜಾಗದಲ್ಲಿ ಇಟ್ಟ ಟೈರು ಗಾಡಿಯ ಮೇಲಿನ ಟೈರಿನಷ್ಟು ಬೇಗ ಕೆಡುವುದಿಲ್ಲ. ಆದರೆ ರಬ್ಬರಿಗೆ ಗಾಳಿಯ ಆಮ್ಲಜನಕ, ಓಝೋನು, ಬಿಸಿಲು, ಬಿಸಿ ಎಲ್ಲವೂ ಶತ್ರುಗಳೇ. ಸುಮ್ನೆ ಇಟ್ಟರೂ ಅದು ನಿಧಾನವಾಗಿ ಗಟ್ಟಿಯಾಗುತ್ತಲೇ ಇರುತ್ತದೆ. ಗಟ್ಟಿಯಾದ ರಬ್ಬರಿಗೆ ನೆನೆದ ರಸ್ತೆಯ ಮೇಲೆ ಹಿಡಿತ ಕಡಿಮೆ. ಅದೂ ಅಲ್ಲದೆ ಇವರ ಟೈರುಗಳು ಎಲ್ಲಿದ್ದವು ನೋಡಿ. ಅಂಗಡಿಯ ಮುಂದೆ, ರಸ್ತೆಯ ಪಕ್ಕ, ಬಿಸಿಲಿಗೆ. ಯಾವ ಗೋಡೌನು? ಐದಾರು ವರ್ಷ ಆಯಿತೆಂದರೆ ಟೈರು ತಪಾಸಣೆ ಮಾಡಿಸಿ ಎಂದು ಕಂಪನಿಗಳೇ ಹೇಳುತ್ತವೆ. ಅದರಲ್ಲಿ ಮೂರು ವರ್ಷ ಅಂಗಡಿಯಲ್ಲೇ ಕಳೆದುಹೋದರೆ ನನಗೆ ಉಳಿದದ್ದೇನು? ದುಡ್ಡು ಮಾತ್ರ ಪೂರ್ತಿ ಕೊಡಬೇಕು.

ನನಗೆ ಇನ್ನೂ ಬೇಜಾರಾದದ್ದು ಬೇರೆ. ನಾಲ್ಕೂ ಹಳೆಯದಿದ್ದರೆ ಸ್ಟಾಕ್ ಖರ್ಚಾಗಿಲ್ಲ ಎನ್ನಬಹುದಿತ್ತು. ಮೂರು ಹೊಸದರ ನಡುವೆ ಒಂದು ಹಳೆಯದನ್ನು, ಅದೂ ತಾರೀಖು ಆಚೆ ಕಡೆ ಮಾಡಿ ನಿಲ್ಲಿಸಿದ್ದರು. ಯಾವ ಮನೆಯವರು ಯಾವ ಘಾಟಿನಲ್ಲಿ ಅದರ ಮೇಲೆ ಹೋಗುತ್ತಾರೋ ಎಂಬ ಯೋಚನೆ ಬೇಡವೇ? ಬದಲಾಯಿಸಿ ಎಂದರೆ ಎರಡು ದಿನ ಬಿಟ್ಟು ಬನ್ನಿ ಎಂದರು. ನಾವು ಹೊರಟೆವು.

ಈ ಭಾಗ ಕಟ್ ಮಾಡಿದ್ದೇನೆ. ಲಕ್ಷ್ಮಿ ರೋಡಿನ ಹಬ್ಬದ ಟ್ರಾಫಿಕ್ಕನ್ನು ನಿಮಗೂ ತೋರಿಸುವುದು ಬೇಡ.

ಎರಡನೇ ಅಂಗಡಿ ವಾರಜೆ ಕಡೆ. ಇಲ್ಲಿ ಟೈರು ಹಾಕುವವರು ಇಂಡಿ ತಾಲ್ಲೂಕಿನವರು. ನಾನು ಮನೆಯವರ ಜೊತೆ ಕನ್ನಡದಲ್ಲಿ ಮಾತಾಡುವುದು ಕೇಳಿ ತಾವೇ ಬಂದರು. ಅವರು ಹೇಳಿದ್ದನ್ನು ಹಾಗೇ ಇಟ್ಟಿದ್ದೇನೆ, ಕೇಳಿ: "ಅಕ್ಕಾರ, ಫಿಟ್ ಮಾಡೂಕಿಂತ ಮೊದ್ಲ ತಾರೀಖ ನೋಡಿಬಿಡ್ರಿ. ಒಮ್ಮೆ ರಿಮ್ಮಿಗೆ ಏರಿತಂದ್ರ ಅದು ಒಳಗಿನ ಬಾಜೂಕ್ ಹೋಗ್ತೈತಿ. ಆಮ್ಯಾಲ ಗಾಡಿ ಕೆಳಗ ಮಲಗಿ ನೋಡಬೇಕ್ರಿ." ಎಷ್ಟು ಜನಕ್ಕೆ ಇದು ಗೊತ್ತಿದೆ ಹೇಳಿ? ನಾಲ್ಕನ್ನೂ ಅವರೇ ತಿರುಗಿಸಿ ತೋರಿಸಿದರು. ನಾಲ್ಕೂ 2025ರವೇ. ಇದೇ ತಿಂಗಳಿನದೇ ಬೇಕು ಎಂದು ಹಟ ಮಾಡಬೇಕು ಅಂತ ಮೊದಲು ಅನಿಸಿತ್ತು, ಈಗ ಹಾಗೆ ಅನಿಸುವುದಿಲ್ಲ. ಆರು ತಿಂಗಳ ಒಳಗಿದ್ದರೆ ಸಾಕು, ಒಂದು ವರ್ಷವಾದರೂ ನಾನು ತಕರಾರು ಮಾಡುವುದಿಲ್ಲ. ಮೂರು ವರ್ಷದ್ದನ್ನು ಮಾತ್ರ ಮುಟ್ಟುವುದಿಲ್ಲ.

ತೆಗೆದುಕೊಂಡದ್ದು ಅಪೊಲೊ, ಹೈವೇ ಟೈರು, 104ಎಚ್. ಮಿಶೆಲಿನ್ ಮೇಲೆ ನನ್ನ ಕಣ್ಣಿತ್ತು, ಸದ್ದು ಕಡಿಮೆ ಎಂದು ಓಡಿಸಿದವರೆಲ್ಲ ಹೇಳುತ್ತಾರೆ. ನಾಲ್ಕಕ್ಕೆ ಆಗುವ ವ್ಯತ್ಯಾಸ ಲೆಕ್ಕ ಹಾಕಿದಾಗ ಬೇಡ ಎನಿಸಿತು. ಒಂದು ಮಾತು, ಬಿಲ್ಲಿನಲ್ಲಿ ಜಿಎಸ್‌ಟಿ ನೋಡಿಕೊಳ್ಳಿ. 2025ರ ಸೆಪ್ಟೆಂಬರ್ 22ರಿಂದ ಕಾರ್ ಟೈರಿಗೆ ತೆರಿಗೆ 28ರಿಂದ 18ಕ್ಕೆ ಇಳಿದಿದೆ. ತೆರಿಗೆ ಬಿಟ್ಟು ₹10,000 ಇರುವ ಟೈರು ಮೊದಲು ₹12,800 ಆಗುತ್ತಿತ್ತು, ಈಗ ₹11,800. ನಾಲ್ಕಕ್ಕೆ ₹4,000 ಉಳಿಯುತ್ತದೆ. ಹಳೇ ಎಂಆರ್‌ಪಿ ತೋರಿಸಿ ಡಿಸ್ಕೌಂಟ್ ಕೊಟ್ಟೆವು ಎನ್ನುವವರಿಗೆ ಈ ಲೆಕ್ಕ ಹೇಳಿ.

ನಮ್ಮ ಮನೆಯವರು ಮುಂದಿನ ಎರಡು ಮಾತ್ರ ಬದಲಾಯಿಸೋಣ, ಹಿಂದಿನವು ಇನ್ನೂ ಓಡುತ್ತವೆ ಎಂದರು. ಎರಡೇ ಹಾಕಿಸುವುದಾದರೆ ಹೊಸದು ಹೋಗಬೇಕಾದದ್ದು ಹಿಂದಕ್ಕೆ, ಮುಂದಕ್ಕಲ್ಲ. ಬಹಳ ಜನ ಇದನ್ನು ಉಲ್ಟಾ ಮಾಡಿಸುತ್ತಾರೆ. ಮಳೆಯಲ್ಲಿ ಮುಂದಿನ ಚಕ್ರ ಜಾರಿದರೆ ಸ್ಟೀರಿಂಗ್ ಹಗುರವಾಗುತ್ತದೆ, ಕೈಗೆ ಗೊತ್ತಾಗುತ್ತದೆ, ಕಾಲು ತೆಗೆದರೆ ಗಾಡಿ ಹಿಡಿತಕ್ಕೆ ಬರುತ್ತದೆ. ಹಿಂದಿನದು ಜಾರಿದರೆ ಗಾಡಿ ಗಿರಕಿ ಹೊಡೆಯುತ್ತದೆ, ಆಗ ನಮ್ಮಂಥವರ ಕೈಯಲ್ಲಿ ಏನೂ ಇಲ್ಲ. ಅದೂ ಅಲ್ಲದೆ ನಮ್ಮ ಹಿಂದಿನ ಟೈರುಗಳಿಗೂ ಅಷ್ಟೇ ವಯಸ್ಸು, ಗಾಡಿಯ ಜೊತೆ ಬಂದವೇ ಅವು. ನಾಲ್ಕೂ ಹೋಗಲಿ ಎಂದೆ.

ಇಲ್ಲಿಂದ ನೀವೇ ನೋಡಿ, ಮಷಿನ್ ಕೆಲಸ ನೋಡಲು ನನಗೆ ತುಂಬಾ ಇಷ್ಟ. ಹಳೇ ವಾಲ್ವ್ ಕತ್ತರಿಸಿ ಹೊಸದು ಹಾಕುತ್ತಿದ್ದಾರೆ. ಅದನ್ನು ಕೇಳಿ ಹಾಕಿಸಿ, ಬಹಳ ಕಡಿಮೆ ಖರ್ಚು. ಹಳೇ ವಾಲ್ವಿನಲ್ಲೇ ಗಾಳಿ ಸೋರುವುದು ಜಾಸ್ತಿ. ಈಗ ರಿಮ್ಮಿಗೆ ಸಣ್ಣ ಸಣ್ಣ ತೂಕ ಅಂಟಿಸುತ್ತಿದ್ದಾರೆ, ಬ್ಯಾಲೆನ್ಸಿಂಗ್. ಆಮೇಲೆ ಅಲೈನ್‌ಮೆಂಟ್, ಅಂದರೆ ಚಕ್ರಗಳು ನಿಂತಿರುವ ಕೋನ ಸರಿ ಮಾಡುವುದು.

ನೈಟ್ರೋಜನ್ ಬೇಕಾ ಎಂದು ಕೇಳಿದರು. ದುಡ್ಡು ಕೊಟ್ಟು ಬೇಡ. ನಾವು ಉಸಿರಾಡುವ ಗಾಳಿಯಲ್ಲೇ ನೂರಕ್ಕೆ 78 ಭಾಗ ನೈಟ್ರೋಜನ್ ಇದೆ. ಟೈರಿನ ಜೊತೆ ಪುಕ್ಕಟೆ ಎಂದರು, ಹಾಗಾದರೆ ಹಾಕಿ ಎಂದೆ. ಆದರೆ ಎಷ್ಟು ಹಾಕಬೇಕು ಎಂಬುದನ್ನು ಡ್ರೈವರ್ ಬಾಗಿಲ ಪಕ್ಕದ ಸ್ಟಿಕರ್ ನೋಡಿ ಹೇಳಿ. ಟೈರಿನ ಮೇಲೆ ಬರೆದಿರುವುದು ಅದು ತಡೆಯುವ ಗರಿಷ್ಠ ಒತ್ತಡ, ತುಂಬಿಸಬೇಕಾದ ಒತ್ತಡವಲ್ಲ. ಕಡಿಮೆ ಗಾಳಿಯಲ್ಲಿ ಎಕ್ಸ್‌ಪ್ರೆಸ್‌ವೇ ಮೇಲೆ ಹೋದರೆ ಪಕ್ಕೆಗಳು ಮಡಚಿ ಮಡಚಿ ಬಿಸಿಯಾಗುತ್ತವೆ. ಟೈರು ಒಡೆಯುವುದು ಹೆಚ್ಚಾಗಿ ಹಾಗೆಯೇ. ಊರಿಗೆ ಹೊರಡುವ ಬೆಳಿಗ್ಗೆ, ಗಾಡಿ ತಣ್ಣಗಿರುವಾಗ ನೋಡಿಸಿ. ಗಾಡಿ ತುಂಬಾ ಜನ ಇದ್ದರೆ ಹಾಕಬೇಕಾದ ಒತ್ತಡವೂ ಆ ಸ್ಟಿಕರಿನಲ್ಲೇ ಬೇರೆ ಬರೆದಿರುತ್ತದೆ.

ಬಿಲ್ಲು ಆಯಿತು. ಟೈರಿನ ನಂಬರುಗಳನ್ನು ಬಿಲ್ಲಿನ ಮೇಲೆ ಬರೆಸಿಕೊಂಡೆ, ವಾರಂಟಿಗೆ ಬೇಕಾಗುತ್ತದೆ.

ಹೊರಡುವಾಗ ಸ್ಟೆಪ್ನಿ ಇಳಿಸಿ ಎಂದೆ. ಗಾಡಿಯ ಕೆಳಗಿಂದ ಬರುತ್ತಿದೆ, ಎಷ್ಟು ಧೂಳು ನೋಡಿ. ಒಂದು ದಿನವೂ ರಸ್ತೆ ಕಂಡಿಲ್ಲ, ಗ್ರಿಪ್ ಪೂರ್ತಿ ಇದೆ. ಬಟ್ಟೆಯಲ್ಲಿ ಒರೆಸಿ ತಾರೀಖು ನೋಡಿದರೆ ಕೊನೆಯ ಎರಡು ಅಂಕಿ 19. ಆರು ವರ್ಷ. ಪಕ್ಕೆಯಲ್ಲಿ ಕೂದಲೆಳೆಯಂಥ ಬಿರುಕು ಶುರುವಾಗಿದೆ, ಬೆರಳಿನಿಂದ ಒತ್ತಿದರೆ ಇನ್ನೂ ಚೆನ್ನಾಗಿ ಕಾಣುತ್ತದೆ. ಮನೆಯವರು ಸ್ಟೆಪ್ನಿ ತಾನೇ, ಇರಲಿ ಎನ್ನುತ್ತಿದ್ದಾರೆ. ನನಗೆ ಮನಸ್ಸಿಲ್ಲ. ನಿಪ್ಪಾಣಿ ಹತ್ತಿರ ರಾತ್ರಿ ಪಂಕ್ಚರ್ ಆದರೆ ಆರು ಜನರ ಭಾರ ಹೊರಬೇಕಾದದ್ದು ಇದೇ. ಐದನೆಯದನ್ನೂ ಹಾಕಿ ಎಂದೆ. ಇದೇ ಬ್ಯಾಚಿನ ಟೈರು ಮುಗಿದಿದೆ, ನಾಳೆ ಸಂಜೆ ಬರುತ್ತದಂತೆ. ಮುಂಗಡ ಕೊಟ್ಟು ಚೀಟಿ ತೆಗೆದುಕೊಂಡಿದ್ದೇನೆ. ನಾಳೆ ಅದರ ತಾರೀಖು ಏನಿತ್ತು ಎಂದು ಕೆಳಗೆ ಬರೆಯುತ್ತೇನೆ. ಕ್ಯಾಮೆರಾ ಬ್ಯಾಟರಿ ಮುಗಿಯಿತು, ಬರುತ್ತೇನೆ.