ವಂದನಾರ್ಪಣೆಗೂ ಮೊದಲು

(ಉಡುಪಿಯಲ್ಲಿ ನಡೆದ ಇತಿಹಾಸ ಅಧ್ಯಾಪಕರ ಸಂಘದ ವಾರ್ಷಿಕ ಮಹಾಸಭೆಯಲ್ಲಿ ಆಡಿದ ಮಾತು)

ಎಲ್ಲರಿಗೂ ನಮಸ್ಕಾರ.

ನಮ್ಮ ಸಭೆಗಳಲ್ಲಿ ವಂದನಾರ್ಪಣೆ ಬರುವುದು ಕಟ್ಟಕಡೆಗೆ. ಅಷ್ಟು ಹೊತ್ತಿಗೆ ಪಕ್ಕದ ಹಾಲಿನಲ್ಲಿ ಊಟಕ್ಕೆ ಎಲೆ ಹಾಕಿರುತ್ತಾರೆ. ಬೈಂದೂರು, ಸುಳ್ಯದ ಕಡೆಯವರು ಬಸ್ಸಿನ ಸಮಯ ನೋಡುತ್ತಿರುತ್ತಾರೆ. ‘ಪ್ರತ್ಯಕ್ಷವಾಗಿ, ಪರೋಕ್ಷವಾಗಿ ಸಹಕರಿಸಿದ ಎಲ್ಲರಿಗೂ’ ಎಂಬ ಒಂದು ಸಾಲಿನಲ್ಲಿ ವರ್ಷವಿಡೀ ದುಡಿದವರ ಸುದ್ದಿ ಮುಗಿದುಹೋಗುತ್ತದೆ. ಅದಕ್ಕೇ ಅಧ್ಯಕ್ಷರನ್ನು ಕೇಳಿಕೊಂಡೆ: ಸರ್, ಇವತ್ತು ಆ ಮಾತನ್ನು ನಾನು ಮೊದಲೇ ಆಡುತ್ತೇನೆ, ಸ್ವಲ್ಪ ಬಿಡಿಸಿ ಆಡುತ್ತೇನೆ ಅಂತ.

ನಮ್ಮ ಸಂಘಕ್ಕೆ ಸಂಬಳದ ಸಿಬ್ಬಂದಿ ಇಲ್ಲ. ಕಾರ್ಯದರ್ಶಿ ಯಾವ ಕಾಲೇಜಿನಲ್ಲಿ ಪಾಠ ಮಾಡುತ್ತಾರೋ ಅಲ್ಲಿನ ಒಂದು ಕಪಾಟೇ ನಮ್ಮ ಕಚೇರಿ. ಕಾರ್ಯದರ್ಶಿ ಬದಲಾದಾಗ ಫೈಲುಗಳು ರಿಕ್ಷಾದಲ್ಲಿ ಇನ್ನೊಂದು ಕಾಲೇಜಿಗೆ ಹೋಗುತ್ತವೆ. ದೊಡ್ಡ ಸಂಸ್ಥೆಗಳಿಗೂ ಹೀಗೆ ಸಂಬಳವಿಲ್ಲದೆ ದುಡಿಯುವವರೇ ಆಧಾರ. ದೇಶದ ಇತಿಹಾಸಕಾರರ ಸಂಘಟನೆಯಾದ ಭಾರತೀಯ ಇತಿಹಾಸ ಕಾಂಗ್ರೆಸ್ 1935ರಲ್ಲಿ ಪುಣೆಯಲ್ಲಿ ಶುರುವಾಯಿತು. ಅದರ ಅಧಿವೇಶನ ಊರಿಂದ ಊರಿಗೆ ಹೋಗುತ್ತದೆ, ಸಾಮಾನ್ಯವಾಗಿ ಡಿಸೆಂಬರ್ ಕೊನೆಯಲ್ಲಿ. ಹೋದಲ್ಲೆಲ್ಲ ಆ ಊರಿನ ಅಧ್ಯಾಪಕರೂ ವಿದ್ಯಾರ್ಥಿಗಳೂ ರಜೆ ಬಿಟ್ಟು ಸ್ಟೇಷನ್ನಿನಲ್ಲಿ ನಿಲ್ಲಬೇಕು, ಬಂದವರಿಗೆ ರೂಮು ತೋರಿಸಬೇಕು. ಪ್ರಬಂಧ ಓದಿದವರ ಹೆಸರು ಪುಸ್ತಕದಲ್ಲಿ ಉಳಿಯುತ್ತದೆ. ರಾತ್ರಿ ಹನ್ನೊಂದಕ್ಕೆ ರೈಲಿಳಿದವರಿಗೆ ಊಟ ಎತ್ತಿಟ್ಟವರ ಹೆಸರು ಎಲ್ಲಿ ಉಳಿಯುತ್ತದೆ ಹೇಳಿ.

ಖಜಾಂಚಿ ಕೆಲಸವನ್ನೇ ನೋಡಿ. ನಮ್ಮದು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಬರುವ ಸಂಘ. ಪ್ರತಿವರ್ಷ ಮಹಾಸಭೆ ಆಗಬೇಕು, ಲೆಕ್ಕ ಆಡಿಟ್ ಆಗಬೇಕು, ಆಡಳಿತ ಮಂಡಳಿಯ ಪಟ್ಟಿ ನೋಂದಣಾಧಿಕಾರಿಗಳಿಗೆ ಹೋಗಬೇಕು. ಇದು ತಪ್ಪುತ್ತಾ ಹೋದರೆ ನೋಂದಣಿಗೇ ಕುತ್ತು. ವಿಚಾರ ಸಂಕಿರಣ ಚೆನ್ನಾಗಾಯಿತು ಅಂತ ನಾವೆಲ್ಲ ಖುಷಿಯಲ್ಲಿ ಮನೆಗೆ ಹೋದ ಮೇಲೆ, ಯಾರೋ ಒಬ್ಬರು ಮೈಕಿನವರ ಬಿಲ್ಲು, ಹೂವಿನವರ ಚೀಟಿ, ಜೆರಾಕ್ಸ್ ಅಂಗಡಿಯ ರಶೀದಿ ಎಲ್ಲ ಜೋಡಿಸಿ ವೋಚರ್ ಬರೆಯುತ್ತಾ ಕೂತಿರುತ್ತಾರೆ. ಮಾರನೇ ದಿನ ಒಂಬತ್ತೂವರೆಗೆ ಅವರಿಗೂ ಕ್ಲಾಸಿದೆ.

ಇನ್ನು ನಮ್ಮ ಪತ್ರಿಕೆಗೆ ಬಂದ ಲೇಖನಗಳನ್ನು ಓದಿ ತಿದ್ದುವವರು. ಇವರ ಬಗ್ಗೆ ನನಗೆ ಜಾಸ್ತಿ ಹೇಳುವುದಿದೆ. ಸಂಪಾದಕನಾಗಿದ್ದಾಗ ಹತ್ತಿರದಿಂದ ನೋಡಿದ್ದೇನೆ. ಒಮ್ಮೆ ಒಬ್ಬ ಯುವ ಉಪನ್ಯಾಸಕರು ಬಾರಕೂರಿನ ಶಾಸನಗಳ ಮೇಲೆ ಲೇಖನ ಕಳಿಸಿದ್ದರು. ಅದನ್ನು ನಿವೃತ್ತರಾದ ಹಿರಿಯ ಸದಸ್ಯೆಯೊಬ್ಬರಿಗೆ ಕೊಟ್ಟೆ. ಲೇಖನದ ಜೊತೆ ಅವರ ಟಿಪ್ಪಣಿಯೂ ವಾಪಸ್ ಬಂತು, ನೀಲಿ ಶಾಯಿಯಲ್ಲಿ, ಗೆರೆ ಹಾಕಿದ ಹಾಳೆಗಳ ತುಂಬ. ಶಾಸನದ ಶಕವರ್ಷವನ್ನು ಇಸವಿಗೆ ತರುವಾಗ ಕಣ್ಣು ಮುಚ್ಚಿ 78 ಕೂಡಿಸಬೇಡಿ, ತಿಂಗಳು ನೋಡಿ ಅಂತ ಬರೆದಿದ್ದರು. ಶಕವರ್ಷ ಚೈತ್ರಕ್ಕೆ ಶುರುವಾಗುತ್ತದೆ. ಹಾಗಾಗಿ ಅದೇ ವರ್ಷದ ಮಾಘ, ಫಾಲ್ಗುಣ ಬರುವಾಗ ಇಂಗ್ಲಿಷ್ ಕ್ಯಾಲೆಂಡರು ಮುಂದಿನ ವರ್ಷಕ್ಕೆ ಹೋಗಿರುತ್ತದೆ, 79 ಕೂಡಿಸಬೇಕು. ನಮ್ಮ ಕರಾವಳಿಯ ಶಾಸನಗಳಲ್ಲಿ ಸೌರಮಾನದ ತಿಂಗಳೂ ಬರುತ್ತದೆ, ಅದನ್ನು ಬೇರೆಯಾಗಿಯೇ ಲೆಕ್ಕ ಹಾಕಿ ಅಂತಲೂ ಎಚ್ಚರಿಸಿದ್ದರು. ಲೇಖನದ ತೇದಿಗಳನ್ನೆಲ್ಲ ತಾವೇ ಇನ್ನೊಮ್ಮೆ ಲೆಕ್ಕ ಮಾಡಿ ಪಕ್ಕದಲ್ಲಿ ಬರೆದಿದ್ದರು. ಕೊನೆಗೆ ಒಂದು ಸಾಲು: ‘ಹುಡುಗ ಸ್ಥಳಕ್ಕೆ ಹೋಗಿ ಕಲ್ಲು ನೋಡಿದ್ದಾನೆ, ಬಿಡಬೇಡಿ, ತಿದ್ದಿಸಿ ಹಾಕಿ.’

ಲೇಖನ ಅಚ್ಚಾಯಿತು. ಓದಿ ತಿದ್ದಿದವರು ಯಾರು ಎಂದು ಲೇಖಕರಿಗೆ ಹೇಳುವ ಪದ್ಧತಿ ನಮ್ಮಲ್ಲಿಲ್ಲ. ಅವರಿಗೆ ಇವತ್ತಿಗೂ ಗೊತ್ತಿಲ್ಲ. ಆ ಮೇಡಂ ಅದರಿಂದ ಪಡೆದದ್ದು ಪತ್ರಿಕೆಯ ಒಂದು ಪ್ರತಿ, ಅಷ್ಟೇ. ನನ್ನ ಮಟ್ಟಿಗೆ ನಮ್ಮ ಸಂಘ ಅಂದರೆ ಆ ನೀಲಿ ಶಾಯಿಯ ಹಾಳೆಗಳು.

ಈ ಊರಿನಲ್ಲಿ ನಿಂತು ತುಳು ನಿಘಂಟಿನ ಹೆಸರು ಎತ್ತದೆ ಇರುವುದು ಹೇಗೆ? ಎಂಜಿಎಂ ಕಾಲೇಜಿನ ಗೋವಿಂದ ಪೈ ಸಂಶೋಧನ ಕೇಂದ್ರದಿಂದ ಅದರ ಆರು ಸಂಪುಟಗಳು 1988ರಿಂದ 1997ರೊಳಗೆ ಹೊರಬಂದವು. ಪ್ರಧಾನ ಸಂಪಾದಕ ಯು.ಪಿ. ಉಪಾಧ್ಯಾಯರನ್ನು ನಾವು ನೆನೆಯುತ್ತೇವೆ, ನೆನೆಯಲೇಬೇಕು. ಆದರೆ ಆ ಶಬ್ದಗಳು ಬಂದದ್ದು ಊರೂರಿನ ಜನರ ಬಾಯಿಂದ. ಬಂದವರನ್ನು ಜಗಲಿಯಲ್ಲಿ ಕೂರಿಸಿ, ಕೆಲಸ ಬಿಟ್ಟು ಮಾತು ಹೇಳಿಕೊಟ್ಟವರಿಲ್ಲದೆ ಅಂಥ ಕೆಲಸ ಮುಂದಕ್ಕೆ ಹೋಗುವುದಿಲ್ಲ. ವಿದ್ವತ್ತು ಒಬ್ಬರಿಂದ ಆಗುವಂಥದ್ದಲ್ಲ, ಅಲ್ವಾ?

ಒಂದು ಮಾತು ಮಾತ್ರ ಸ್ಪಷ್ಟವಾಗಿ ಹೇಳಬೇಕು. ನಾವು ಕೈ ಮುಗಿದು ‘ನೀವಲ್ಲದೆ ಯಾರು’ ಅನ್ನುತ್ತಾ ಪ್ರತಿಸಲ ಅದೇ ನಾಲ್ಕು ಮಂದಿಯ ಹೆಗಲಿಗೆ ಎಲ್ಲ ಹೇರುವುದು ಸರಿಯಲ್ಲ. ನೋಂದಣಿ ಮೇಜು, ಪ್ರಮಾಣಪತ್ರ, ಅತಿಥಿಗಳ ಚಹಾ ತಿಂಡಿ, ಇದೆಲ್ಲ ಬಹಳ ಸಲ ಮಹಿಳಾ ಸದಸ್ಯರ ಪಾಲಿಗೇ ಬರುತ್ತದೆ. ವೇದಿಕೆಯ ಕುರ್ಚಿ ಮಾತ್ರ ಬೇರೆಯವರಿಗೆ. ಕೈಯಿಂದ ದುಡ್ಡು ಹಾಕಿದವರು ಸಂಕೋಚದಿಂದ ಕೇಳುವುದಿಲ್ಲ, ನಾವೂ ವಿಚಾರಿಸುವುದಿಲ್ಲ. ಮಂಗಳೂರಿಗೂ ಉಡುಪಿಗೂ ಓಡಾಡಿದ ಬಸ್ಸಿನ ಚಾರ್ಜಾದರೂ ಸಂಘ ಕೊಡಬೇಡವೇ?

ಹಾಗಾಗಿ ಈ ಸಭೆಯ ಮುಂದೆ ನನ್ನ ಸೂಚನೆ ಇದು. ಈ ವರ್ಷದ ವರದಿಯಲ್ಲಿ ಪದಾಧಿಕಾರಿಗಳ ಹೆಸರಿನ ಜೊತೆಗೆ ಯಾರು ಯಾವ ಕೆಲಸ ಮಾಡಿದರು ಎಂಬುದನ್ನೂ ಬರೆಯೋಣ. ಕರಡು ತಿದ್ದಿದವರು, ಸದಸ್ಯರ ವಿಳಾಸ ಸರಿಮಾಡಿದವರು, ಹಾಲಿನ ಬೀಗದ ಕೈ ತಂದುಕೊಟ್ಟ ಅಟೆಂಡರ್ ಸೇರಿ, ಎಲ್ಲರ ಹೆಸರೂ ಇರಲಿ. ಲೇಖನ ಓದಿದವರು ಒಪ್ಪಿದರೆ ಅವರ ಹೆಸರುಗಳೂ ವರ್ಷದ ಕೊನೆಗೆ ಒಟ್ಟಾಗಿ ಬರಲಿ, ಯಾವ ಲೇಖನ ಎಂದು ಹೇಳುವುದು ಬೇಡ. ಪ್ರಯಾಣದ ಖರ್ಚಿಗೆ ಬಜೆಟ್ಟಿನಲ್ಲಿ ಒಂದು ಬಾಬ್ತು ತೆಗೆಯೋಣ.

ಮುಂದಿನ ವಿಷಯ ಲೆಕ್ಕಪತ್ರ ಮಂಡನೆ. ಖಜಾಂಚಿ ಮೇಡಂ, ದಯವಿಟ್ಟು ವೇದಿಕೆಗೆ ಬನ್ನಿ. ನಿಮಗೆ ನಮ್ಮೆಲ್ಲರ ನಮಸ್ಕಾರ.