ಕೂಸಿನ ಕಿವಿ, ಮನೆಯ ಮಾತು

ಅಂಗನವಾಡಿಯ ಅಕ್ಕಂದಿರೇ, ಮಕ್ಕಳನ್ನು ಕಂಕುಳಲ್ಲಿ ಎತ್ತಿಕೊಂಡೇ ಬಂದಿರುವ ತಾಯಂದಿರೇ, ಅಜ್ಜಿಯರೇ, ಎಲ್ಲರಿಗೂ ನಮಸ್ಕಾರ.

‘ಕತ್ತೆ’, ‘ಕಟ್ಟೆ’. ಈ ಎರಡು ಪದಗಳನ್ನು ಒಮ್ಮೆ ನಿಧಾನವಾಗಿ ಹೇಳಿನೋಡಿ. ‘ತ್ತೆ’ ಎನ್ನುವಾಗ ನಾಲಿಗೆಯ ತುದಿ ಹಲ್ಲಿಗೆ ತಾಗುತ್ತದೆ. ‘ಟ್ಟೆ’ ಎನ್ನುವಾಗ ಹಿಂದಕ್ಕೆ ಮಡಚಿಕೊಂಡು ಅಂಗುಳನ್ನು ಮುಟ್ಟುತ್ತದೆ. ಅಷ್ಟು ಕಿರಿದಾದ ಜಾಗದಲ್ಲಿ ನಾಲಿಗೆ ಹೊರಳಿದ್ದಕ್ಕೆ ಕತ್ತೆಯು ಅರಳಿಮರದ ಕಟ್ಟೆಯಾಗಿಬಿಡುತ್ತದೆ. ನಮಗೆ ಇದರಲ್ಲಿ ವಿಶೇಷವೇನೂ ಕಾಣುವುದಿಲ್ಲ. ಆದರೆ ಇಂಗ್ಲಿಷ್ ಒಂದನ್ನೇ ಬಲ್ಲ ಹೆಚ್ಚಿನ ದೊಡ್ಡವರ ಕಿವಿಗೆ ಈ ಎರಡು ಧ್ವನಿಗಳು ಬೇರೆಯೆಂದು ತಿಳಿಯುವುದೇ ಇಲ್ಲ.

ಅವರ ಕೂಸುಗಳಿಗೆ ತಿಳಿಯುತ್ತದೆ. ಕೆನಡಾದ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ ಹಿಂದಿಯ ‘ತ’ ಮತ್ತು ‘ಟ’ ಧ್ವನಿಗಳನ್ನು ಇಂಗ್ಲಿಷ್ ಮನೆಮಾತಿನ ಕೂಸುಗಳಿಗೆ ಕೇಳಿಸಿ, ಕಂಡದ್ದನ್ನು 1984ರಲ್ಲಿ ಪ್ರಕಟಿಸಿದರು. ಧ್ವನಿ ಬದಲಾದೊಡನೆ ಪಕ್ಕದಲ್ಲಿ ಒಂದು ಆಟಿಕೆ ಕುಣಿಯುತ್ತದೆ. ವ್ಯತ್ಯಾಸ ತಿಳಿದ ಕೂಸು ಆಟಿಕೆಯ ಆಸೆಗೆ ಅತ್ತ ತಲೆ ತಿರುಗಿಸುತ್ತದೆ. 6ರಿಂದ 8 ತಿಂಗಳ ಕೂಸುಗಳಲ್ಲಿ ಬಹುಪಾಲು ತಲೆ ತಿರುಗಿಸಿದವು. 10ರಿಂದ 12 ತಿಂಗಳ ಕೂಸುಗಳಲ್ಲಿ ಹಾಗೆ ಮಾಡಿದವು ತೀರ ಕಡಿಮೆ. ಮನೆಯಲ್ಲಿ ಯಾರೂ ಬಳಸದ ವ್ಯತ್ಯಾಸವನ್ನು ಕಿವಿ ಅಷ್ಟರೊಳಗೆ ಬಿಟ್ಟುಕೊಟ್ಟಿತ್ತು.

ಇದನ್ನು ಮೊದಲ ಸಲ ಓದಿದಾಗ ನನ್ನ ಮೈ ಜುಮ್ಮೆಂದಿತ್ತು. ಇನ್ನೂ ಒಂದು ಪದವನ್ನೂ ಆಡದ ಕೂಸಿನ ಕಿವಿ ಆಗಲೇ ತನ್ನ ಮನೆಯದಾಗಿರುತ್ತದೆ. ‘ಇಷ್ಟು ಸಣ್ಣ ಪಾಪುವಿಗೆ ಏನು ತಿಳಿಯುತ್ತದೆ’ ಎಂದು ಎಣ್ಣೆ ಹಚ್ಚಿ ನೀರೆರೆಯುವಾಗ ಸುಮ್ಮನಿರುವವರಿಗೆ ನಾನು ಈ ಸಂಗತಿಯನ್ನೇ ಹೇಳುತ್ತೇನೆ.

ಬರೆಯುವಾಗ ನಾವು ಪದಗಳ ನಡುವೆ ಜಾಗ ಬಿಡುತ್ತೇವೆ, ಆಡುವಾಗ ಬಿಡುವುದಿಲ್ಲ. ‘ನೀರುಬೇಕೇ’, ‘ನೀರುಚೆಲ್ಲಬೇಡ’, ‘ನೀರುಕಾದಿದೆ’ ಎಲ್ಲವೂ ಒಂದೇ ಉಸಿರಿಗೆ ಹರಿಯುತ್ತವೆ. ಹಾಗಿದ್ದರೂ ‘ನೀರು’ ಎಂಬುದು ಬಿಡಿ ಪದವೆಂದು ಕೂಸಿಗೆ ಹೇಗೆ ಗೊತ್ತಾಗುತ್ತದೆ? ‘ನೀ’ ಆದ ಮೇಲೆ ‘ರು’ ಮತ್ತೆ ಮತ್ತೆ ಬರುತ್ತದೆ; ‘ರು’ ಆದ ಮೇಲೆ ಬರುವುದು ಸಲಸಲಕ್ಕೂ ಬೇರೆ. ಕೂಸು ಈ ಲೆಕ್ಕವನ್ನು ಇಡುತ್ತಲೇ ಇರುತ್ತದೆ. 1996ರಲ್ಲಿ ಅಮೆರಿಕದ ಜೆನ್ನಿ ಸಾಫ್ರನ್ ಮತ್ತು ಸಂಗಡಿಗರು 8 ತಿಂಗಳ ಕೂಸುಗಳಿಗೆ ಅರ್ಥವಿಲ್ಲದ ಧ್ವನಿಗಳ ಸರಣಿಯೊಂದನ್ನು ಬರೀ 2 ನಿಮಿಷ ಕೇಳಿಸಿ ಇದನ್ನು ತೋರಿಸಿಕೊಟ್ಟರು.

ಕೂಸು ತನಗೆ ಆಡಿದ ಮಾತನ್ನಷ್ಟೇ ಕೇಳಿಸಿಕೊಳ್ಳುವುದಿಲ್ಲ. ನಮ್ಮ ಕೂಡುಕುಟುಂಬಗಳಲ್ಲಿ ಹೆತ್ತ ತಾಯಿಯನ್ನು ‘ಅಕ್ಕ’ ಎನ್ನುವ ಮಕ್ಕಳನ್ನು ನೀವು ನೋಡಿದ್ದೀರಿ. ನನ್ನ ತಂದೆಯನ್ನು ನಾನು ಕೊನೆಯವರೆಗೂ ‘ಅಣ್ಣ’ ಎಂದೇ ಕರೆದೆ. ಚಿಕ್ಕಪ್ಪಂದಿರು, ಅತ್ತೆಯರು ಕರೆಯುತ್ತಿದ್ದುದನ್ನು ಕೇಳಿ ಬಾಯಿಗೆ ಬಂದ ಪದ ಅದು. ಯಾರೂ ಕೂರಿಸಿಕೊಂಡು ಕಲಿಸಿದ್ದಲ್ಲ.

ಹಾಗೆಂದು ಮಕ್ಕಳು ಕೇಳಿದ್ದನ್ನು ಒಪ್ಪಿಸುವ ಗಿಣಿಗಳೂ ಅಲ್ಲ. ನನ್ನ ಮೊಮ್ಮಗಳು ಮೂರನೆಯ ವರ್ಷದಲ್ಲಿ ಒಂದು ದಿನ ಓಡಿಬಂದು, ‘ಅಜ್ಜೀ, ಪುಟ್ಟಿ ನಗಿದಳು’ ಎಂದಳು. ಇನ್ನೊಂದು ದಿನ, ‘ಚೆಂಡು ಸಿಗಿತು’. ನಕ್ಕಳು, ಸಿಕ್ಕಿತು ಎಂದೇ ಮನೆಮಂದಿಯೆಲ್ಲ ಆಡುತ್ತಾರೆ. ‘ನಗಿದಳು’ ಎಂದು ಅವಳು ಯಾರ ಬಾಯಲ್ಲೂ ಕೇಳಿರಲಾರಳು. ಮಾಡಿದಳು, ಹಾಡಿದಳು, ಓಡಿದಳು ಎಂಬುವನ್ನು ಕೇಳಿ ಕೇಳಿ ನಿಯಮವನ್ನು ತಾನೇ ಹೆಕ್ಕಿಕೊಂಡು, ಅದನ್ನು ನಗುವಿಗೂ ಹಚ್ಚಿದ್ದಳು. ಹಕ್ಕಿಯಂಥ ಒಂದು ಚಿತ್ರಕ್ಕೆ ‘ವಗ್’ ಎಂದು ತಾನೇ ಹೆಸರಿಟ್ಟು, ಅಂಥವು ಎರಡಾದರೆ ಏನೆನ್ನುತ್ತೀರಿ ಎಂದು ಅಮೆರಿಕದ ಮಕ್ಕಳನ್ನು ಕೇಳಿದ ಜೀನ್ ಬರ್ಕೊ 1958ರಲ್ಲಿ ಕಂಡದ್ದೂ ಇದನ್ನೇ. ಹಿಂದೆಂದೂ ಕೇಳದ ಪದಕ್ಕೆ ಮಕ್ಕಳು ಇಂಗ್ಲಿಷಿನ ಬಹುವಚನದ ‘ಸ್’ ಹಚ್ಚಿ ಸರಾಗವಾಗಿ ‘ವಗ್ಸ್’ ಎಂದರು. ಆದ್ದರಿಂದ ‘ನಗಿದಳು’ ಎಂದ ಮಗುವನ್ನು ಗದರಬೇಡಿ, ಹತ್ತು ಸಲ ತಿದ್ದಿ ಹೇಳಿಸಲೂ ಬೇಡಿ. ‘ಹೌದೇ, ನಕ್ಕಳೇ? ಯಾಕೆ ನಕ್ಕಳು?’ ಎಂದು ಕೇಳಿ. ಸರಿಯಾದ ರೂಪವೂ ಕಿವಿಗೆ ಬಿತ್ತು, ಮಾತೂ ಮುಂದುವರಿಯಿತು.

ಮಾತು ಮುಂದುವರಿಯುವುದೇ ಇಲ್ಲಿ ಮುಖ್ಯ. ಕೂಸು ‘ಊಂ’ ಎನ್ನುತ್ತದೆ, ತಾಯಿ ‘ಏನಮ್ಮಾ, ಹಸಿವಾಯಿತೇ’ ಎಂದು ರಾಗವೆಳೆಯುತ್ತಾಳೆ, ಕಾಯುತ್ತಾಳೆ, ಕೂಸು ಮತ್ತೆ ‘ಊಂ’ ಎನ್ನುತ್ತದೆ. ಈ ಕೊಟ್ಟು ತೆಗೆದುಕೊಳ್ಳುವಿಕೆ ಮೊಬೈಲಿನಲ್ಲಿ ಇಲ್ಲ. 2003ರಲ್ಲಿ ಸಿಯಾಟಲ್ ನಗರದ ಪೆಟ್ರೀಷಿಯಾ ಕುಲ್ ಅವರ ತಂಡ 9 ತಿಂಗಳ ಅಮೆರಿಕನ್ ಕೂಸುಗಳಿಗೆ ಚೀನಿ ಭಾಷೆಯನ್ನು ಕೇಳಿಸಿತು. ಎದುರಿಗೆ ಕುಳಿತು ಆಟವಾಡಿಸುತ್ತಾ 12 ಸಲ ಮಾತಾಡಿದ್ದಕ್ಕೇ ಒಂದು ಗುಂಪು ಆ ಭಾಷೆಯ ಧ್ವನಿಗಳನ್ನು ಗುರುತಿಸತೊಡಗಿತು. ಅದೇ ಮಾತುಗಳನ್ನು ಪರದೆಯ ಮೇಲೆ ನೋಡಿದ ಗುಂಪು ಏನನ್ನೂ ಕಲಿಯಲಿಲ್ಲ. ತುತ್ತು ಇಳಿಯಲೆಂದು ಮಗುವಿನ ಕೈಗೆ ಮೊಬೈಲ್ ಕೊಡುವ ತಾಯಿಯ ಆಯಾಸ ನನಗೆ ಅರ್ಥವಾಗುತ್ತದೆ. ಆದರೆ ಊಟದ ಹೊತ್ತು ಮಾತಿನ ಹೊತ್ತೂ ಆಗಿತ್ತು. ಕಾಗೆಗೊಂದು ತುತ್ತು, ಗುಬ್ಬಿಗೊಂದು ತುತ್ತು ಎನ್ನುತ್ತಾ ಎಷ್ಟು ಪದಗಳು ಬಾಯಿಗೆ ಇಳಿಯುತ್ತಿದ್ದವು!

ಈಗ ನನ್ನ ಮನಸ್ಸಿನಲ್ಲಿ ಬಹುಕಾಲದಿಂದ ಉಳಿದಿರುವ ನೋವೊಂದನ್ನು ಹೇಳಬೇಕು. ಒಬ್ಬ ತಾಯಿ ಎರಡೂವರೆ ವರ್ಷದ ಮಗನನ್ನು ನನ್ನ ಬಳಿ ಕರೆತಂದಿದ್ದರು. ‘ಮನೆಯಲ್ಲಿ ಇಂಗ್ಲಿಷ್ ಬಿಟ್ಟು ಬೇರೇನೂ ಆಡಬೇಡಿ’ ಎಂದು ಒಂದು ಶಿಶುವಿಹಾರದವರು ಅವರಿಗೆ ತಾಕೀತು ಮಾಡಿದ್ದರಂತೆ. ಅವರಿಗೆ ಬರುತ್ತಿದ್ದ ಇಂಗ್ಲಿಷ್ ‘ಬಾ, ಕೂರು, ತಿನ್ನು, ಬೇಡ’ ಎನ್ನುವಷ್ಟೇ. ಮುನಿಸಿಕೊಂಡ ಮಗನನ್ನು ರಮಿಸುವ ಮಾತು, ಚಂದಮಾಮನನ್ನು ತೋರಿಸಿ ಕಟ್ಟುವ ಕತೆ, ಎಲ್ಲವೂ ಕನ್ನಡದಲ್ಲಿದ್ದವು. ಅವಕ್ಕೆ ಬೀಗ ಬಿದ್ದಿತ್ತು. ಆ ಮನೆಯಲ್ಲಿ ಅಪ್ಪಣೆಗಳು ಮಾತ್ರ ಉಳಿದಿದ್ದವು. ಅಂದು ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಎರಡು ಮೂರು ಭಾಷೆ ಕೇಳಿದರೆ ಮಗುವಿನ ಮಾತು ಕೆಡುವುದಿಲ್ಲ. ಮಂಗಳೂರಿನಲ್ಲಿ ಮನೆಯ ತುಳು, ಕೊಂಕಣಿ, ಬ್ಯಾರಿಯ ಜೊತೆಗೆ ಕನ್ನಡ ಬೆಳೆಯುತ್ತದೆ. ಕೋಲಾರದಲ್ಲಿ ತೆಲುಗಿನ ಜೊತೆಗೆ. ಕೆಡುಕಾಗುವುದು ಮನೆಯ ಹಿರಿಯರು ತಮಗೆ ತುಂಬಿ ಬರುವ ಮಾತನ್ನು ನುಂಗಿಕೊಂಡಾಗ.

ಕೊನೆಯದಾಗಿ ಕಿವಿಯ ವಿಷಯ. ಕಿವಿ ಕೇಳದ ಕೂಸೂ ಮೊದಲ ತಿಂಗಳುಗಳಲ್ಲಿ ಅಳುತ್ತದೆ, ಕೇಕೆ ಹಾಕುತ್ತದೆ. ಹಾಗಾಗಿ ಮನೆಯವರಿಗೆ ಅನುಮಾನ ಬರುವುದಿಲ್ಲ. ಹುಟ್ಟಿದ 1 ತಿಂಗಳೊಳಗೆ ಶ್ರವಣ ತಪಾಸಣೆ, 3 ತಿಂಗಳೊಳಗೆ ತೊಂದರೆ ಏನೆಂಬುದು ಖಚಿತ, 6 ತಿಂಗಳೊಳಗೆ ಚಿಕಿತ್ಸೆ ಆರಂಭ ಎಂಬುದು ನಾವು ಪಾಲಿಸಲು ಹೆಣಗುವ ಗಡುವು. ವರ್ಷ ತುಂಬಿದರೂ ‘ಬಬಬ, ಮಮಮ’ ಎನ್ನದ, ಎರಡು ವರ್ಷವಾದರೂ ‘ಅಮ್ಮ ಬಾ’ ಎಂಬಂತೆ ಎರಡು ಪದ ಜೋಡಿಸದ ಮಗುವನ್ನು ‘ಗಂಡುಮಕ್ಕಳಿಗೆ ಮಾತು ತಡ’ ಎಂದು ಮನೆಯಲ್ಲೇ ಇಟ್ಟುಕೊಳ್ಳಬೇಡಿ. ಮೈಸೂರಿನಲ್ಲಿ 1965ರಿಂದ ಇದಕ್ಕೆಂದೇ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಅಷ್ಟು ದೂರ ಹೋಗುವ ಮೊದಲು ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ.

ನಾನು ಸಂಜೆಯವರೆಗೂ ಇಲ್ಲೇ ಇರುತ್ತೇನೆ. ಯಾವುದಾದರೂ ಮಗುವಿನ ಬಗ್ಗೆ ಅನುಮಾನವಿದ್ದವರು ಮಗುವನ್ನು ಕರೆದುಕೊಂಡೇ ಬನ್ನಿ.