ಹತ್ತು ಜನ ಸೇರಬೇಕು

ಕೇಳುಗರೆಲ್ಲರಿಗೂ ನಮಸ್ಕಾರ.

ಯೆಹೂದಿಗಳ ಸಭಾಮಂದಿರವನ್ನು ಸಿನಗಾಗ್ ಎನ್ನುತ್ತಾರೆ. ಅಲ್ಲಿ ವಿಗ್ರಹವಿಲ್ಲ. ರಬ್ಬಿ, ಅಂದರೆ ಧರ್ಮಗುರು, ಇರಲೇಬೇಕೆಂಬ ನಿಯಮವೂ ಇಲ್ಲ. ಬೇಕಾದದ್ದು ಹತ್ತು ಜನ. ಸಂಪ್ರದಾಯದ ಪ್ರಕಾರ ಹದಿಮೂರು ವರ್ಷ ತುಂಬಿದ ಹತ್ತು ಗಂಡಸರು ಕೂಡಿದರೆ ಮಾತ್ರ ಧರ್ಮಗ್ರಂಥವಾದ ತೋರಾದ ಸುರುಳಿಯನ್ನು ಹೊರತೆಗೆದು ಸಭೆಯಲ್ಲಿ ಓದಬಹುದು, ತೀರಿಕೊಂಡ ತಂದೆತಾಯಿಗಾಗಿ ಕದ್ದಿಶ್ ಪ್ರಾರ್ಥನೆ ಹೇಳಬಹುದು. ಈ ಹತ್ತರ ಕೂಟಕ್ಕೆ ಮಿನ್ಯಾನ್ ಎಂದು ಹೆಸರು. ಒಂಬತ್ತು ಜನ ಎಷ್ಟೇ ದೊಡ್ಡ ಪಂಡಿತರಾಗಿರಲಿ, ಹತ್ತನೆಯವರು ಬರುವವರೆಗೆ ಕಾಯಲೇಬೇಕು.

ನಮ್ಮ ದೇಶದಲ್ಲಿ ಈಗ ಯೆಹೂದಿಗಳ ಸಂಖ್ಯೆ ಸುಮಾರು 5,000. ಹೆಚ್ಚಿನವರು ಮುಂಬಯಿ, ಠಾಣೆ, ಕೊಂಕಣದ ಕಡೆಯವರು. ಮನೆಯಲ್ಲಿ ಮರಾಠಿ ಮಾತಾಡುವ ಬೆನೆ ಇಸ್ರಾಯೇಲರು. 1948ರಲ್ಲಿ ಇಸ್ರೇಲ್ ದೇಶ ಹುಟ್ಟಿದ ಮೇಲೆ ಬಹುಪಾಲು ಕುಟುಂಬಗಳು ಅಲ್ಲಿಗೆ ಹೊರಟುಹೋದವು. ಉಳಿದವರ ಕೈಗೆ ಬಂದದ್ದು ಹಳೆಯ, ದೊಡ್ಡ, ಸುಂದರ ಕಟ್ಟಡಗಳು. ಇವುಗಳನ್ನು ಯಾರ ದುಡ್ಡಿನಿಂದ ಉಳಿಸಿಕೊಳ್ಳುವುದು, ಒಳಗೆ ಯಾರನ್ನು ಕೂರಿಸುವುದು ಎಂಬ ಎರಡು ಪ್ರಶ್ನೆಗಳನ್ನು ಸಾಮಾನ್ಯವಾಗಿ ಬೇರೆಬೇರೆಯಾಗಿ ಚರ್ಚಿಸುತ್ತಾರೆ. ನನಗೆ ಅವೆರಡೂ ಒಂದೇ ಪ್ರಶ್ನೆಯಾಗಿ ಕಾಣುತ್ತವೆ.

ಮುಂಬಯಿಯ ಮೊದಲ ಸಿನಗಾಗ್‌ನ ಕಥೆಗೆ ನಮ್ಮ ಶ್ರೀರಂಗಪಟ್ಟಣದ ನಂಟಿದೆ. ಸಾಮಾಜಿ ಹಸಾಜಿ ದಿವೇಕರ್ ಎಂಬಾತ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದಲ್ಲಿದ್ದವನು. ಎರಡನೆಯ ಮೈಸೂರು ಯುದ್ಧದಲ್ಲಿ ಟಿಪ್ಪು ಸುಲ್ತಾನನ ಕಡೆಯವರಿಗೆ ಸೆರೆಸಿಕ್ಕ. ಸೆರೆಯಾಳುಗಳು ಇಸ್ರಾಯೇಲಿನ ವಂಶದವರೆಂದು ತಿಳಿದಾಗ ಟಿಪ್ಪುವಿನ ತಾಯಿ, ಕುರ್‌ಆನ್‌ನಲ್ಲಿ ಹೆಸರು ಬರುವ ಜನ ಇವರು, ಜೀವ ತೆಗೆಯಬೇಡ ಎಂದು ಮಗನಿಗೆ ಹೇಳಿದಳಂತೆ. ಬೆನೆ ಇಸ್ರಾಯೇಲರ ಮನೆಗಳಲ್ಲಿ ಇದನ್ನು ಇವತ್ತಿಗೂ ಹೇಳುತ್ತಾರೆ. ಬಿಡುಗಡೆಯಾಗಿ ಊರು ಸೇರಿದರೆ ದೇವರಿಗೊಂದು ಮಂದಿರ ಕಟ್ಟಿಸುತ್ತೇನೆಂದು ದಿವೇಕರ್ ಹರಕೆ ಹೊತ್ತಿದ್ದ. 1796ರಲ್ಲಿ ಮಾಂಡವಿ ಭಾಗದಲ್ಲಿ ಕಟ್ಟಿಸಿದ. ಅಲ್ಲಿಯವರೆಗೆ ಆ ಜನರಿಗೆ ಮನೆಯೇ ಪ್ರಾರ್ಥನೆಯ ಜಾಗ. ಮಂದಿರಕ್ಕೆ ತೋರಾ ಸುರುಳಿ ತರಬೇಕೆಂದು ಆತ ಕೊಚ್ಚಿಗೆ ಹೋದ, 1797ರಲ್ಲಿ ಅಲ್ಲೇ ತೀರಿಕೊಂಡ. ಮುಂದೆ 1860ರಲ್ಲಿ ಆ ಸಿನಗಾಗ್ ಈಗಿರುವ ಜಾಗಕ್ಕೆ ಬಂತು. ಹೆಸರು ಶಾರ್ ಹರಹಮೀಮ್, ಕರುಣೆಯ ಬಾಗಿಲು. ಅದರ ಪಕ್ಕದ ಬೀದಿ ದಿವೇಕರನ ಇನ್ನೊಂದು ಹೆಸರಿನಿಂದ ಸ್ಯಾಮ್ಯುಯೆಲ್ ಸ್ಟ್ರೀಟ್ ಆಗಿದೆ.

ಒಬ್ಬನ ಹರಕೆಯಿಂದ ಗೋಡೆ ಎದ್ದಿತು ಸರಿ. ಆದರೆ ದಿನದಿನದ ದೀಪದೆಣ್ಣೆ, ಸುಣ್ಣಬಣ್ಣ, ಪ್ರಾರ್ಥನೆ ನಡೆಸುವ ಹಜ್ಜಾನರ ಸಂಬಳ ಇವೆಲ್ಲ ಬಂದದ್ದು ಜನರಿಂದ. ಬೆನೆ ಇಸ್ರಾಯೇಲರು ಹಬ್ಬದ ದಿನ ತೋರಾ ಪೆಟ್ಟಿಗೆಯ ಬಾಗಿಲು ತೆರೆಯುವ, ಸುರುಳಿ ಹೊತ್ತು ನಡೆಯುವ ಗೌರವಗಳನ್ನು ಹರಾಜು ಹಾಕುತ್ತಿದ್ದರು. ನಮ್ಮ ಜಾತ್ರೆಯಲ್ಲಿ ದೇವರ ಸೀರೆಯನ್ನೋ ತೆಂಗಿನಕಾಯಿಯನ್ನೋ ಹರಾಜು ಕೂಗುವುದನ್ನು ನೋಡಿದವರಿಗೆ ಆ ಸಡಗರ ಗೊತ್ತು. ಹಬ್ಬದ ದಿನ ಹಣ ಮುಟ್ಟುವಂತಿಲ್ಲ; ಮಾತು ಕೊಟ್ಟು ಹೋಗಿ ಆಮೇಲೆ ತಂದು ಸಲ್ಲಿಸುವುದು. ಅಮೆರಿಕದ ಸಿನಗಾಗ್‌ಗಳಲ್ಲಿ ಇದಕ್ಕೆ ಇನ್ನೊಂದು ಉಪಾಯವಿದೆ. ಪ್ರಾಯಶ್ಚಿತ್ತದ ಹಬ್ಬವಾದ ಯೋಮ್ ಕಿಪ್ಪುರದ ರಾತ್ರಿ ದೇಣಿಗೆ ಕೇಳುತ್ತಾರೆ. ಆ ದಿನ ಬರೆಯುವುದೂ ನಿಷಿದ್ಧ. ಹಾಗಾಗಿ ಮೊತ್ತಗಳನ್ನು ಮೊದಲೇ ಅಚ್ಚುಹಾಕಿದ ಚೀಟಿ ಕೊಡುತ್ತಾರೆ. ಕೊಡುವವರು ತಮ್ಮ ಮೊತ್ತದ ಪಟ್ಟಿಯನ್ನು ಮಡಚಿದರೆ ಸಾಕು, ಪೆನ್ನು ಬೇಕಿಲ್ಲ.

ಹರಾಜಿನಲ್ಲಿ ಹಣ ಚೆನ್ನಾಗಿಯೇ ಹುಟ್ಟುತ್ತದೆ. ಆದರೆ ಜೇಬು ಸಣ್ಣದಿದ್ದವರಿಗೆ ವರ್ಷವರ್ಷವೂ ಸುರುಳಿ ಹೊರುವ ಭಾಗ್ಯ ಸಿಗುವುದಿಲ್ಲ ಎಂಬುದೂ ನಿಜ. ಬೈಬಲಿನ ವಿಮೋಚನಕಾಂಡದಲ್ಲಿ ಇದಕ್ಕಿಂತ ಬೇರೆಯ ಕ್ರಮವಿದೆ. ಜನರನ್ನು ಎಣಿಸುವಾಗ ತಲೆಗೆ ಅರ್ಧ ಶೆಕೆಲ್ ಕೊಡಬೇಕು. ಐಶ್ವರ್ಯವಂತ ಅದಕ್ಕಿಂತ ಹೆಚ್ಚು ಕೊಡಬಾರದು, ಬಡವ ಕಡಿಮೆ ಕೊಡಬಾರದು. ಆ ಹಣ ದೇವದರ್ಶನದ ಗುಡಾರದ ಕೆಲಸಕ್ಕೆ. ಕೊಟ್ಟವರೆಲ್ಲ ಲೆಕ್ಕಕ್ಕೆ ಬಂದರು, ಲೆಕ್ಕಕ್ಕೆ ಬಂದವರೆಲ್ಲ ಸಮನಾಗಿ ಕೊಟ್ಟರು. ಪೂರಿಮ್ ಹಬ್ಬದ ಹೊತ್ತಿಗೆ ಅದರ ನೆನಪಿಗಾಗಿ ಇಂದಿಗೂ ಹಣ ಸಂಗ್ರಹಿಸುತ್ತಾರೆ. ಒಂದು ಸಮುದಾಯ ತನ್ನ ಖರ್ಚನ್ನು ಹಂಚಿಕೊಳ್ಳುವುದಕ್ಕೆ ಇದಕ್ಕಿಂತ ನ್ಯಾಯವಾದ ಕ್ರಮ ನನಗೆ ತಿಳಿದಿಲ್ಲ.

ಹತ್ತೊಂಬತ್ತನೆಯ ಶತಮಾನದಲ್ಲಿ ಬಾಗ್ದಾದಿನಿಂದ ಬಂದ ಸಸೂನ್ ಮನೆತನದವರು ಬೇರೆಯ ದಾರಿ ಹಿಡಿದರು. ಹತ್ತಿ, ಅಫೀಮು, ಹಡಗುಕಟ್ಟೆಗಳ ವ್ಯಾಪಾರದಲ್ಲಿ ಅಪಾರ ಹಣ ಮಾಡಿದ ಮನೆತನ ಅದು. ಡೇವಿಡ್ ಸಸೂನ್ 1860ರ ದಶಕದಲ್ಲಿ ಮುಂಬಯಿಯ ಬೈಕುಲ್ಲಾದಲ್ಲಿ ಮಾಗೆನ್ ಡೇವಿಡ್ ಸಿನಗಾಗ್ ಕಟ್ಟಿಸಿದ. ಪುಣೆಯ ಜನ ಲಾಲ್ ದೇವಲ್ ಎಂದು ಕರೆಯುವ ಕೆಂಪು ಕಟ್ಟಡವೂ ಆತನದೇ. ಮೊಮ್ಮಗ ಜೇಕಬ್ ಸಸೂನ್ 1884ರಲ್ಲಿ ಕಾಲಾಘೋಡಾದಲ್ಲಿ ಕೆನೆಸೆತ್ ಎಲಿಯಾಹೂ ಕಟ್ಟಿಸಿದ. ಇಡೀ ಖರ್ಚು ಒಂದೇ ಥೈಲಿಯಿಂದ ಬಂತು. ಆ ಬಾಗ್ದಾದಿಗಳು ವಲಸೆಹೋದ ಮೇಲೆ ಕಟ್ಟಡಗಳು ನಿಂತವು, ಕೂರುವವರು ಕಡಿಮೆಯಾದರು. ಒಂದು ಕಾಲಕ್ಕೆ ಬೆನೆ ಇಸ್ರಾಯೇಲರನ್ನು ಪೂರ್ಣ ಯೆಹೂದಿಗಳೆಂದು ಒಪ್ಪಲು ಹಿಂಜರಿಯುತ್ತಿದ್ದವರಲ್ಲಿ ಬಾಗ್ದಾದಿಗಳೂ ಇದ್ದರು. ಇವತ್ತು ಅದೇ ಸಿನಗಾಗ್‌ಗಳಲ್ಲಿ ಮಿನ್ಯಾನ್ ಕೂಡುವುದು ಬಹುಮಟ್ಟಿಗೆ ಬೆನೆ ಇಸ್ರಾಯೇಲರಿಂದ.

ಇದೇ ಕಥೆ ಕೊಚ್ಚಿಯಲ್ಲಿ ಇನ್ನೂ ನೋವಿನಿಂದ ನಡೆದಿದೆ. ಮಟ್ಟಾಂಚೇರಿಯ ಪರದೇಶಿ ಸಿನಗಾಗ್, ಅಂದರೆ ಹೊರದೇಶಗಳಿಂದ ಬಂದು ನೆಲೆಸಿದ ಯೆಹೂದಿಗಳದು, 1568ರದ್ದು. ಕೊಚ್ಚಿ ರಾಜರು ತಮ್ಮ ಅರಮನೆಗೆ ತಾಗಿಕೊಂಡ ಜಾಗವನ್ನೇ ಕೊಟ್ಟಿದ್ದರು. ಒಳಗೆ ಚೀನಾದಿಂದ ತರಿಸಿದ, ಕೈಯಲ್ಲಿ ಚಿತ್ರ ಬರೆದ ನೀಲಿ ಬಿಳಿ ಟೈಲುಗಳಿವೆ. ನಮ್ಮ ಕಡೆಯಿಂದ ಪ್ರವಾಸ ಹೋದವರು ಟಿಕೆಟ್ ಕೊಂಡು ನೋಡಿ ಬರುತ್ತಾರೆ. ಅಲ್ಲಿನ ಮುಂಚಾವಡಿಯನ್ನು ಮಾತ್ರ ಯಾರೂ ಹೆಚ್ಚು ಹೊತ್ತು ನೋಡುವುದಿಲ್ಲ. ಪರದೇಶಿಗಳ ಮನೆಗಳಲ್ಲಿ ದಾಸರಾಗಿದ್ದು ಬಿಡುಗಡೆ ಪಡೆದವರ ಸಂತತಿಯವರು, ಧರ್ಮದಲ್ಲಿ ಯೆಹೂದಿಗಳೇ ಆಗಿದ್ದರೂ, ಒಳಗಿನ ಬೆಂಚುಗಳಲ್ಲಿ ಕೂರುವಂತಿರಲಿಲ್ಲ. ಆ ಮುಂಚಾವಡಿಯಲ್ಲೋ ಮೆಟ್ಟಿಲ ಮೇಲೋ ಕೂರಬೇಕಿತ್ತು. ಪರದೇಶಿಗಳಿಗಿಂತ ಎಷ್ಟೋ ಹಿಂದಿನಿಂದ ಕೇರಳದಲ್ಲಿದ್ದ ಮಲಬಾರಿ ಯೆಹೂದಿಗಳಿಗೂ ಆ ಸಭೆಯಲ್ಲಿ ಸದಸ್ಯತ್ವವಿರಲಿಲ್ಲ.

ಆ ಮುಂಚಾವಡಿಯ ಮನೆತನದಲ್ಲಿ 1882ರಲ್ಲಿ ಹುಟ್ಟಿದವರು ಅಬ್ರಹಾಂ ಬರಾಕ್ ಸಾಲೆಂ. ವಕೀಲಿ ಓದಿದರು, ಕೊಚ್ಚಿಯ ಶಾಸನ ಪರಿಷತ್ತಿನ ಸದಸ್ಯರಾದರು, 1929ರ ಲಾಹೋರ್ ಕಾಂಗ್ರೆಸ್ಸಿಗೆ ಹೋಗಿಬಂದರು. ಯೆಹೂದಿ ಗಾಂಧಿ ಎಂದೇ ಅವರು ಪ್ರಸಿದ್ಧರು. ದೇಶದ ಸ್ವಾತಂತ್ರ್ಯಕ್ಕಾಗಿ ಕಲಿತ ಸತ್ಯಾಗ್ರಹವನ್ನು ಅವರು ತಮ್ಮದೇ ಪ್ರಾರ್ಥನಾಮಂದಿರಕ್ಕೆ ತಂದರು. ಪ್ರತಿಭಟಿಸಿದರು, ಮಕ್ಕಳನ್ನು ಕರೆದುಕೊಂಡು ಒಳಗೇ ಬಂದು ಕೂತರು, ವರ್ಷಗಟ್ಟಲೆ ಬಿಡಲಿಲ್ಲ. ಕೂರುವ ಹಕ್ಕು, ತೋರಾ ಓದುವ ಹಕ್ಕು ಒಂದೊಂದಾಗಿ ಸಿಕ್ಕವು. ಆದರೂ 1950ರಲ್ಲಿ ಅವರ ಮಗ ಪರದೇಶಿ ಮನೆತನದ ಹುಡುಗಿಯ ಕೈಹಿಡಿದಾಗ ಮದುವೆ ಮುಂಬಯಿಯಲ್ಲಿ ನಡೆಯಬೇಕಾಯಿತು.

ಮುಂದೆ ಆದದ್ದನ್ನು ಯೋಚಿಸಿದರೆ ಸಂಕಟವಾಗುತ್ತದೆ. ಪರದೇಶಿಗಳೂ ಒಬ್ಬೊಬ್ಬರಾಗಿ ಇಸ್ರೇಲಿಗೆ ಹೊರಟರು. 1980ರ ದಶಕದ ಹೊತ್ತಿಗೆ ವಾರದ ವಿಶ್ರಾಂತಿಯ ದಿನವಾದ ಸಬ್ಬತ್ತಿನ ಪ್ರಾರ್ಥನೆಗೆ ಹತ್ತು ಜನ ಸಿಗುವುದು ಕಷ್ಟವಾಯಿತು. ಆಗ ಆ ಕೊರತೆ ತುಂಬಿಕೊಟ್ಟವರು ಎರ್ನಾಕುಲಂನಿಂದ ದಾಟಿ ಬರುತ್ತಿದ್ದ ಮಲಬಾರಿ ಯೆಹೂದಿಗಳು, ನೂರಾರು ವರ್ಷ ಹೊರಗಿಟ್ಟಿದ್ದ ಅದೇ ಜನ. ಈಗ ಪರದೇಶಿಗಳು ಬೆರಳೆಣಿಕೆಗೂ ಸಿಗುವುದಿಲ್ಲ. ಬಾಗಿಲು ನೂರು ವರ್ಷ ಮೊದಲೇ ತೆರೆದಿದ್ದರೂ ವಲಸೆ ನಿಲ್ಲುತ್ತಿತ್ತೆಂದು ನಾನು ಹೇಳಲಾರೆ. ಒಟ್ಟಿಗೆ ಬಾಳಿದ ಒಂದು ನೂರು ವರ್ಷವಾದರೂ ಅವರಿಗೆ ದಕ್ಕುತ್ತಿತ್ತು.

ದೆಹಲಿಯ ಹುಮಾಯೂನ್ ರಸ್ತೆಯಲ್ಲಿ ಜೂಡಾ ಹಯಾಮ್ ಸಿನಗಾಗ್ ಇದೆ, 1956ರದ್ದು. ಚಿಕ್ಕ ಹಾಲ್. ಊರಿನ ಯೆಹೂದಿ ಕುಟುಂಬಗಳು ಕೆಲವೇ ಕೆಲವು. ಜೊತೆಗೆ ರಾಯಭಾರ ಕಚೇರಿಯವರು, ಪ್ರವಾಸಿಗಳು, ವಿದ್ಯಾರ್ಥಿಗಳು ಬರುತ್ತಾರೆ. ದಶಕಗಳ ಕಾಲ ಅದನ್ನು ನಡೆಸಿಕೊಂಡು ಬಂದ ಎಜೆಕಿಯಲ್ ಐಸಾಕ್ ಮಳೇಕರ್ ಅಲ್ಲಿ ಹೆಂಗಸರನ್ನೂ ಹತ್ತರ ಲೆಕ್ಕಕ್ಕೆ ಸೇರಿಸಿಕೊಂಡರು. ನೀವು ಯಾವ ಪಂಥದವರು ಎಂದು ಬಂದವರನ್ನು ಕೇಳುವ ಪದ್ಧತಿ ಇಟ್ಟುಕೊಳ್ಳಲಿಲ್ಲ. ಸಂಪ್ರದಾಯಸ್ಥರಿಗೆ ಇದು ಒಪ್ಪಿಗೆಯಿಲ್ಲ, ಅವರ ನಂಬಿಕೆಯನ್ನು ನಾನು ಹಗುರಾಗಿ ಕಾಣುವುದಿಲ್ಲ. ಆದರೆ ಇಷ್ಟು ಸಣ್ಣ ಸಮುದಾಯ, ಒಳಗೇ ಇರುವ ಅರ್ಧ ಜನರನ್ನು ಎಣಿಸದೆ ಬಿಟ್ಟರೆ ಹತ್ತು ಜನರನ್ನು ಎಲ್ಲಿಂದ ತರಬೇಕು?

ಹಣದ ವಿಷಯದಲ್ಲಿ ಇತ್ತೀಚಿನ ವರ್ಷಗಳು ಆಶೆ ಹುಟ್ಟಿಸಿವೆ. ಕೆನೆಸೆತ್ ಎಲಿಯಾಹೂ 2019ರಲ್ಲಿ ದುರಸ್ತಿ ಮುಗಿದು ಮತ್ತೆ ತೆರೆಯಿತು. ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್, ಮುಂಬಯಿಯ ಉದ್ಯಮಿಗಳ ಪ್ರತಿಷ್ಠಾನ, ಕಾಲಾಘೋಡಾದ ಕಲಾಸಕ್ತರು ಕೈಜೋಡಿಸಿದರು. ಕೊಟ್ಟವರಲ್ಲಿ ಎಷ್ಟೋ ಜನ ಯೆಹೂದಿಗಳಲ್ಲ. ಯುನೆಸ್ಕೋದ ಏಷ್ಯಾ ಪೆಸಿಫಿಕ್ ಪಾರಂಪರಿಕ ಪುರಸ್ಕಾರವೂ ಬಂತು. ಕೋಲ್ಕತ್ತದ ಮಾಗೆನ್ ಡೇವಿಡ್ ಮತ್ತು ಬೆತ್ ಎಲ್ ಸಿನಗಾಗ್‌ಗಳನ್ನು ತಲೆಮಾರುಗಳಿಂದ ಗುಡಿಸಿ ಒರೆಸಿ ಕಾಪಾಡಿಕೊಂಡು ಬಂದವರು ಮುಸ್ಲಿಂ ಕುಟುಂಬಗಳು. ಮಹಾರಾಷ್ಟ್ರ ಸರ್ಕಾರ 2016ರಲ್ಲಿ ಯೆಹೂದಿಗಳಿಗೆ ಅಲ್ಪಸಂಖ್ಯಾತ ಸ್ಥಾನ ಕೊಟ್ಟಿತು.

ಆದರೂ ಒಂದು ಮಾತು ಹೇಳಲೇಬೇಕು. ದಾನಿಗಳಿಗೆ ಚಾವಣಿ ಕಾಣುತ್ತದೆ, ಬಣ್ಣದ ಗಾಜು ಕಾಣುತ್ತದೆ. ಮಹಡಿಯ ಮೇಲಿನ ಹೆಂಗಸರ ಜಾಗಕ್ಕೆ ಮೆಟ್ಟಿಲು ಹತ್ತಲಾರದ ಅಜ್ಜಿ ಕಾಣುವುದಿಲ್ಲ. ಹೀಬ್ರೂ ಕಲಿಸುವ ಮೇಷ್ಟರ ಸಂಬಳ, ಠಾಣೆಯಿಂದ ಮುದುಕರನ್ನು ಹಬ್ಬಕ್ಕೆ ಕರೆತರುವ ವಾಹನದ ಬಾಡಿಗೆ, ಎಲಿಯಾ ಪ್ರವಾದಿಯ ಹೆಸರಿನಲ್ಲಿ ಅವಲಕ್ಕಿ, ತೆಂಗಿನ ತುರಿ, ಹಣ್ಣು ಇಟ್ಟು ಮಾಡುವ ಮಲಿದಾ ಸೇವೆಯ ಖರ್ಚು, ಇವುಗಳ ಮೇಲೆ ದಾನಿಯ ಹೆಸರು ಕೆತ್ತಿಸಲು ಬರುವುದಿಲ್ಲ. 2008ರ ನವೆಂಬರಿನಲ್ಲಿ ಮುಂಬಯಿಯ ಯೆಹೂದಿ ಕೇಂದ್ರವಾದ ನಾರಿಮನ್ ಹೌಸ್ ಮೇಲೆ ದಾಳಿಯಾದ ಮೇಲೆ ಕಾವಲಿನ ಹೊರೆಯೂ ಸೇರಿಕೊಂಡಿದೆ. ಹೊಸಬರನ್ನು ಬಾಗಿಲಲ್ಲಿ ತಡೆದು ಪರಿಶೀಲಿಸಬೇಕು, ಒಳಗೆ ಬಂದವರನ್ನು ನಮ್ಮವರೇ ಎಂದು ಕೂರಿಸಬೇಕು. ಎರಡನ್ನೂ ಒಟ್ಟಿಗೆ ನಿಭಾಯಿಸುವುದು ಬಲು ಕಷ್ಟದ ಕೆಲಸ. ನನ್ನ ಕೈಯಲ್ಲಿದ್ದರೆ, ಕಟ್ಟಡಕ್ಕೆಂದು ಬರುವ ಪ್ರತಿ ದೊಡ್ಡ ದೇಣಿಗೆಯಲ್ಲಿ ಒಂದು ಪಾಲನ್ನು ಜನರಿಗೆಂದೇ ತೆಗೆದಿಡಿ ಎಂದು ಕೇಳುತ್ತಿದ್ದೆ.

ನಮ್ಮ ಬೆಂಗಳೂರಿನಲ್ಲಿ ಹಳೆಯ ಸಿನಗಾಗ್ ಇಲ್ಲ. ಮೈಸೂರು ರಸ್ತೆಯಲ್ಲಿ ಯೆಹೂದಿಗಳ ಒಂದು ಸಣ್ಣ ಸ್ಮಶಾನವಿದೆ, ಕಮರ್ಷಿಯಲ್ ಸ್ಟ್ರೀಟಿನಲ್ಲಿ ಬೂಟಿನ ಅಂಗಡಿ ಇಟ್ಟಿದ್ದ ರೂಬಿನ್ ಮೋಸಸ್ ಎಂಬವರ ಹೆಸರಿನೊಂದಿಗೆ ಸೇರಿಕೊಂಡಿರುವಂಥದ್ದು.

ನೀವು ಕೊಚ್ಚಿಗೆ ಹೋದರೆ ಪರದೇಶಿ ಸಿನಗಾಗ್ ನೋಡಿ, ಖಂಡಿತ ನೋಡಿ. ಅಲ್ಲಿಗೇ ನಿಲ್ಲಬೇಡಿ. ಹತ್ತಿರದಲ್ಲೇ ಮಲಬಾರಿಗಳ ಕಡವುಂಭಾಗಂ ಸಿನಗಾಗ್ ಇತ್ತು. ಅದರ ಮುಂಭಾಗ 2019ರ ಮಳೆಗೆ ಕುಸಿದುಬಿತ್ತು. ಚೇಂದಮಂಗಲಂ ಮತ್ತು ಪರವೂರಿನ ಸಿನಗಾಗ್‌ಗಳನ್ನು ಕೇರಳ ಸರ್ಕಾರ ದುರಸ್ತಿ ಮಾಡಿಸಿ ವಸ್ತುಸಂಗ್ರಹಾಲಯ ಮಾಡಿದೆ. ಎರ್ನಾಕುಲಂ ಮಾರುಕಟ್ಟೆಯ ಗಲಾಟೆಯ ನಡುವೆ ಇನ್ನೊಂದು ಕಡವುಂಭಾಗಂ ಸಿನಗಾಗ್ ಇದೆ. ಅದರ ಮುಂದೆ ಅಕ್ವೇರಿಯಂ ಮೀನು ಮತ್ತು ಗಿಡಗಳ ಅಂಗಡಿ. ಸಮುದಾಯದವರೊಬ್ಬರು ಆ ಅಂಗಡಿ ನಡೆಸುತ್ತಲೇ ಮಂದಿರವನ್ನು ನೋಡಿಕೊಂಡು ಬಂದಿದ್ದಾರೆ. ಕೇಳಿದರೆ ಬಾಗಿಲು ತೆಗೆಸಿ ತೋರಿಸುತ್ತಾರೆ. ಅಲ್ಲಿಂದ ಒಂದು ಗಿಡ ಕೊಂಡು ತನ್ನಿ.

ನಮಸ್ಕಾರ.